ಹಾಸ್ಯದಲ್ಲಿ ಹೆಣ್ಣು ಗಂಡೆಂಬ ಭೇದ

ಹಾಸ್ಯವನ್ನು ಕುರಿತು ಮಾತನಾಡಲು ಹೊರಟವರಿಗೆ ಒಂದು ಅಪಾಯ ತಪ್ಪಿದ್ದಲ್ಲ. ಕೇಳುವವರು ನಗಲು ಸಿದ್ಧರಾಗಿ ಕುಳಿತಿರುತ್ತಾರೆ. ಹೇಳುವವರು ನಗೆಯ ಕಾರಣಗಳನ್ನು ಶಾಸ್ತ್ರೀಯವಾಗಿ ವಿವರಿಸುತ್ತ ಹೋಗುತ್ತಾರೆ. ಕೊನೆಗೆ ಇಬ್ಬರಿಗೂ ನಗೆ ಬರುವುದಿಲ್ಲ. ಮಲ್ಲಿಗೆಯ ಎಸಳುಗಳನ್ನು ಒಂದೊಂದಾಗಿ ಕಿತ್ತು ಪರಿಮಳ ಎಲ್ಲಿದೆಯೆಂದು ಹುಡುಕಿದವನ ಪಾಡು ನಮ್ಮದೂ ಆದೀತು. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ಹೆಂಗಸರಿಗೆ ಹಾಸ್ಯಪ್ರಜ್ಞೆ ಕಡಮೆ ಎಂಬ ಮಾತು ನಮ್ಮಲ್ಲಿಯೂ ಹೊರನಾಡುಗಳಲ್ಲಿಯೂ ಬಹುಕಾಲದಿಂದ ಬಾಯಿಂದ ಬಾಯಿಗೆ ಹರಿದು ಬರುತ್ತಿದೆ. ಸುಶಿಕ್ಷಿತರಾದ ಗಂಡಸರು ಅದನ್ನು ಸಿದ್ಧಾಂತವೆಂಬಂತೆ ಹೇಳುತ್ತಾರೆ. ಹೆಂಗಸರು ಕೇಳಿ, ಬಹುಶಃ ಸೌಜನ್ಯಕ್ಕಾಗಿ, ನಕ್ಕುಬಿಡುತ್ತಾರೆ. ಈ ಮಾತಿನಲ್ಲಿ ನಿಜವೆಷ್ಟು, ರೂಢಿಯೆಷ್ಟು ಎಂಬುದನ್ನು ಈ ಹೊತ್ತು ಸ್ವಲ್ಪ ಸಮಾಧಾನದಿಂದ ಪರೀಕ್ಷಿಸಿ ನೋಡೋಣ.

ಮೊದಲು ಪ್ರಾಚೀನರ ಅಭಿಪ್ರಾಯವನ್ನು ಕೇಳುವುದು ಕ್ರಮ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ಹಾಸ್ಯರಸವನ್ನು ವಿವರಿಸುತ್ತ, ಇದು ಹೆಚ್ಚಾಗಿ ಕಂಡುಬರುವುದು ಸ್ತ್ರೀಯರಲ್ಲಿ ಮತ್ತು ನೀಚ ಪ್ರಕೃತಿಯವರಲ್ಲಿ ಎನ್ನುತ್ತಾನೆ. ಅನಂತರ ನಗೆಯನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ. ಹಲ್ಲು ಕಾಣದ ಸ್ಮಿತವೂ, ತುಸುವೇ ಕಾಣುವ ಹಸಿತವೂ ಉತ್ತಮರಿಗೆ. ವಿಹಸಿತ ಉಪಹಸಿತಗಳು ಮಧ್ಯಮರಿಗೆ. ಕಣ್ಣೀರು ಸುರಿಸಿ ಪಕ್ಕೆ ಹಿಡಿದುಕೊಂಡು ನಗುವ ಅಪಹಸಿತ ಅತಿಹಸಿತಗಳು ಅಧಮರಿಗೆ. ನಗೆಯಲ್ಲಿಯೂ ಮೇಲುಕೀಳಿನ ಸೋಪಾನವುಂಟು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ದೊಡ್ಡವರು ತುಟಿಯಂಚಿನಲ್ಲಿ ನಗಬೇಕು. ಬಾಯಿತುಂಬ ನಗುವ ಸ್ವಾತಂತ್ರ್ಯ ಚಿಕ್ಕವರದು, ಹೆಂಗಸರದು.

ಈಗ ಪಾಶ್ಚಾತ್ಯರ ಕಡೆ ತಿರುಗಿದರೆ ನೇರವಾಗಿ ವಿರುದ್ಧವಾದ ಮಾತು ಕಿವಿಗೆ ಬೀಳುತ್ತದೆ. ಆಂಗ್ಲ ನಾಟಕಕಾರ ವಿಲಿಯಂ ಕಾಂಗ್ರೀವ್ 1695ರಲ್ಲಿ ತನ್ನ ಸ್ನೇಹಿತ ಜಾನ್ ಡೆನ್ನಿಸ್‌ನಿಗೆ ಪ್ರಹಸನದಲ್ಲಿನ ಹಾಸ್ಯವನ್ನು ಕುರಿತು ಒಂದು ದೀರ್ಘ ಪತ್ರ ಬರೆದನು. ನಿಜವಾದ ಹಾಸ್ಯಗುಣವೆಂದು ತಾನು ಯಾವುದನ್ನು ಎಣಿಸುವೆನೋ ಅದನ್ನು ಸ್ತ್ರೀಯರಲ್ಲಿ ತಾನು ಕಂಡದ್ದಿಲ್ಲವೆಂದು ಅದರಲ್ಲಿ ಹೇಳಿದ್ದಾನೆ. ಅವರ ಭಾವೋದ್ರೇಕ ಅತಿಯಾದುದರಿಂದಲೋ, ಸಹಜವಾದ ಶೀತಲತೆಯಿಂದಲೋ ಹೀಗಾಗಿರಬಹುದೆಂದು ಅವನ ಊಹೆ. ಒಂದೇ ರೋಗಕ್ಕೆ ಉಷ್ಣವೂ ಕಾರಣ, ಶೀತವೂ ಕಾರಣ ಎನ್ನುವ ವೈದ್ಯನನ್ನು ನಾವು ಸಾಮಾನ್ಯವಾಗಿ ಮತ್ತೆ ಕರೆಸುವುದಿಲ್ಲ. ಆದರೆ ಕಾಂಗ್ರೀವನ ರೋಗನಿರ್ಣಯವನ್ನು ಲೋಕ ಬಹುಕಾಲ ಗೌರವದಿಂದ ಕೇಳಿತು. ಅವನಾದ ಮೇಲೆ ಮುನ್ನೂರ ಹನ್ನೆರಡು ವರ್ಷ ಕಳೆದು, 2007ರ ಜನವರಿಯಲ್ಲಿ, ಕ್ರಿಸ್ಟಫರ್ ಹಿಚೆನ್ಸ್ ಎಂಬ ಪ್ರಸಿದ್ಧ ಲೇಖಕನು ‘ವ್ಯಾನಿಟಿ ಫೇರ್’ ಎಂಬ ಪತ್ರಿಕೆಯಲ್ಲಿ, ಹೆಂಗಸರು ಏಕೆ ನಗಿಸಲಾರರೆಂಬುದನ್ನೇ ವಿಷಯವನ್ನಾಗಿ ಮಾಡಿಕೊಂಡು ಬರೆದನು. ಗಂಡಸಿಗೆ ಹೆಣ್ಣನ್ನು ಒಲಿಸಿಕೊಳ್ಳಲು ನಗಿಸುವ ವಿದ್ಯೆ ಬೇಕು, ಹೆಣ್ಣಿಗೆ ಆ ಅಗತ್ಯವಿಲ್ಲ ಎಂಬುದು ಅವನ ವಾದದ ಒಂದು ಮುಖ್ಯ ಆಧಾರ.

ಹೀಗೆ ಒಬ್ಬರು ಹಾಸ್ಯವೆಲ್ಲ ಹೆಂಗಸರದೇ ಎನ್ನುತ್ತಾರೆ. ಇನ್ನೊಬ್ಬರು ಹೆಂಗಸರಿಗೆ ಹಾಸ್ಯವೇ ಇಲ್ಲ ಎನ್ನುತ್ತಾರೆ. ಎರಡೂ ಏಕಕಾಲದಲ್ಲಿ ನಿಜವಾಗಿರಲಾರವು. ಆದರೆ ಎರಡು ಮಾತುಗಳಲ್ಲಿಯೂ ಹೆಂಗಸರಿಗೆ ದೊರೆತ ಸ್ಥಾನ ಮಾತ್ರ ಒಂದೇ ಎಂಬುದನ್ನು ಗಮನಿಸಬೇಕು. ಹಾಸ್ಯವು ಹಗುರವಾದ ವಸ್ತುವೆಂದು ಎಣಿಸಿದ ಕಾಲದಲ್ಲಿ ಅದು ಅವರ ಪಾಲಿಗೆ ಬಂತು. ಹಾಸ್ಯವು ಬುದ್ಧಿಯ ಲಕ್ಷಣವೆಂದು ಎಣಿಸಿದ ಕಾಲದಲ್ಲಿ ಅದು ಅವರ ಕೈಬಿಟ್ಟಿತು. ಹೀಗಿರುವಾಗ, ತಕರಾರು ಹಾಸ್ಯದ್ದೇ ಅಥವಾ ಬೇರೆ ಯಾವುದರದ್ದೇ ಎಂಬ ಸಂದೇಹ ಹುಟ್ಟುವುದು ಸ್ವಾಭಾವಿಕ.

ಗೊಂದಲಕ್ಕೆ ಇನ್ನೊಂದು ಕಾರಣವೂ ಉಂಟು. ಹಾಸ್ಯಪ್ರಜ್ಞೆಯೆಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಕಟ್ಟಿಹಾಕಿದ್ದೇವೆ. ನಗೆಗೀಡಾದುದನ್ನು ಕಂಡು ನಗುವ ಶಕ್ತಿ ಒಂದು. ಇತರರನ್ನು ನಗಿಸುವ ಶಕ್ತಿ ಮತ್ತೊಂದು. ನಾಲ್ಕು ಜನರ ನಡುವೆ ನಗಿಸಲು ಒಬ್ಬರಿಗೆ ದೊರೆತಿರುವ ಅವಕಾಶ, ಅಥವಾ ಅಧಿಕಾರವೆನ್ನೋಣ, ಮೂರನೆಯದು. ಇವನ್ನು ಬಿಡಿಸಿ ನೋಡಿದರೆ ಪ್ರಶ್ನೆ ಸುಲಭವಾಗುತ್ತದೆ.

ಅದಕ್ಕೂ ಮೊದಲು, ನಗೆ ಬರುವುದಾದರೂ ಏಕೆ? ಇದಕ್ಕೆ ತತ್ತ್ವಜ್ಞರು ಕೊಟ್ಟ ಉತ್ತರಗಳಲ್ಲಿ ಮೂರು ಮುಖ್ಯವಾದುವು. ಒಂದು ದೃಷ್ಟಾಂತ ತೆಗೆದುಕೊಳ್ಳೋಣ. ಒಂದು ಊರಿನಲ್ಲಿ ಕಾಲನಿಷ್ಠೆಯನ್ನು ಕುರಿತು ಉಪನ್ಯಾಸ ಏರ್ಪಾಡಾಗಿದೆ. ಅಧ್ಯಕ್ಷರು ಒಂದು ಗಂಟೆ ತಡವಾಗಿ ಬಂದು, ಅವಸರದಲ್ಲಿ ಹಾರವನ್ನು ತಾವೇ ಕೊರಳಿಗೆ ಹಾಕಿಕೊಂಡು, ಸಮಯದ ಬೆಲೆಯನ್ನು ವಿವರಿಸಲು ಎರಡು ಗಂಟೆ ತೆಗೆದುಕೊಳ್ಳುತ್ತಾರೆ. ಸಭೆ ನಗುತ್ತದೆ. ಏಕೆ? ಇಂಗ್ಲೆಂಡಿನ ಥಾಮಸ್ ಹಾಬ್ಸ್ 17ನೆಯ ಶತಮಾನದಲ್ಲಿ ಹೇಳಿದ್ದೇನೆಂದರೆ, ಇನ್ನೊಬ್ಬರ ಕುಂದನ್ನು ಕಂಡಾಗ ನಾವು ಅವರಿಗಿಂತ ಮೇಲೆಂಬ ಹೆಮ್ಮೆ ಥಟ್ಟನೆ ಉಕ್ಕುತ್ತದೆ. ಆ ಉಕ್ಕೇ ನಗೆ. ಜರ್ಮನಿಯ ಕಾಂಟನು 1790ರಲ್ಲಿ ಬೇರೆ ಕಾರಣ ಕೊಟ್ಟನು: ಬಿಗಿಯಾಗಿ ಎಳೆದು ನಿಂತ ನಿರೀಕ್ಷೆ ಒಮ್ಮೆಲೇ ಶೂನ್ಯವಾದಾಗ ನಗೆ ಬರುತ್ತದೆ. ಕಾಲನಿಷ್ಠರನ್ನು ಕಾಯುತ್ತಿದ್ದೆವು, ಕಾಲಹರಣರು ಬಂದರು. ಈ ಅಸಂಗತಿಯೇ ನಗೆಯ ಮೂಲ. ವಿಯೆನ್ನಾದ ಫ್ರಾಯ್ಡನು 1905ರ ತನ್ನ ಗ್ರಂಥದಲ್ಲಿ, ಅದುಮಿಟ್ಟ ಭಾವಗಳಿಗೆ ಪರಿಹಾಸವು ಬಿಡುಗಡೆಯ ದಾರಿ ಎಂದನು. ಒಂದು ಗಂಟೆ ಕಾದು ಕುಳಿತು ನುಂಗಿಕೊಂಡ ಕೋಪ ನಗೆಯಾಗಿ ಹೊರಬಂದಿತೆಂದು ಅವನು ಹೇಳಿಯಾನು. ಫ್ರೆಂಚ್ ದಾರ್ಶನಿಕ ಬರ್ಗ್‌ಸನ್ 1900ರಲ್ಲಿ ಪ್ರಕಟಿಸಿದ ನಗೆಯ ವಿಚಾರದಲ್ಲಿ ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿದ್ದಾನೆ: ಜೀವಂತನಾದ ಮನುಷ್ಯನು ಯಂತ್ರದಂತೆ ವರ್ತಿಸಿದಾಗ ಸಮಾಜವು ಅವನನ್ನು ನಕ್ಕು ತಿದ್ದುತ್ತದೆ.

ಈ ಉತ್ತರಗಳಲ್ಲಿ ಯಾವುದು ಸರಿಯೆಂಬ ಜಗಳ ನಮಗಿಲ್ಲಿ ಬೇಡ. ಹೆಣ್ಣು ಗಂಡೆಂಬ ವ್ಯತ್ಯಾಸಕ್ಕೆ ಇವುಗಳಲ್ಲಿ ಎಡೆಯುಂಟೇ ಎಂಬುದಷ್ಟೇ ಪ್ರಶ್ನೆ. ಅಸಂಗತಿಯನ್ನು ಕಾಣುವುದಕ್ಕೆ ಬೇಕಾದುದು ಬುದ್ಧಿ. ಅದು ಒಂದು ಜಾತಿಯ ಸೊತ್ತಲ್ಲ. ಅಡಗಿಸಿಟ್ಟ ಭಾವಗಳೆಂದರೆ ಅವು ಹೆಂಗಸರಲ್ಲಿ ಕಡಮೆಯೆಂದು ಯಾರೂ ವಾದಿಸಲಾರರು. ಅಡಗಿಸಿಡಬೇಕಾದ ಸಂದರ್ಭಗಳನ್ನು ನಮ್ಮ ಸಂಸಾರವ್ಯವಸ್ಥೆ ಅವರಿಗೆ ಧಾರಾಳವಾಗಿಯೇ ಒದಗಿಸಿದೆ. ಉಳಿದದ್ದು ಹಾಬ್ಸನ ಹೆಮ್ಮೆ ಮತ್ತು ಬರ್ಗ್‌ಸನ್ ಹೇಳುವ ತಿದ್ದುಪಾಟು. ಇವೆರಡಕ್ಕೂ ಸ್ಥಾನಮಾನದ ಸಂಬಂಧವುಂಟು. ಮೇಲಿನವರು ಕೆಳಗಿನವರನ್ನು ನೋಡಿ ನಗುವುದು ಸುಲಭ; ಕೆಳಗಿನವರು ಮೇಲಿನವರನ್ನು ನೋಡಿ ನಕ್ಕರೆ ಅದಕ್ಕೆ ಉದ್ಧಟತನವೆಂದು ಹೆಸರು. ಎಂದ ಮೇಲೆ, ಭೇದವನ್ನು ನಗೆಯ ಸ್ವರೂಪದಲ್ಲಿ ಹುಡುಕುವುದಕ್ಕಿಂತ ನಗುವವರು ನಿಂತ ನೆಲೆಯಲ್ಲಿ ಹುಡುಕುವುದು ಮೇಲು.

ಈ ಊಹೆಗೆ ಆಧಾರ ಈಚಿನ ಪರಿಶೋಧನೆಗಳಲ್ಲಿ ದೊರೆಯುತ್ತದೆ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿದ್ವಾಂಸನು ನಗೆಯನ್ನು ಪುಸ್ತಕದಲ್ಲಿ ಹುಡುಕದೆ ಬೀದಿಯಲ್ಲಿ ಹುಡುಕಿದನು. ಅಂಗಡಿಸಾಲುಗಳಲ್ಲಿ, ವಿದ್ಯಾಲಯದ ಆವರಣಗಳಲ್ಲಿ ಜನರು ಸಹಜವಾಗಿ ಮಾತನಾಡುವಾಗ ಕೇಳಿಬಂದ 1200 ನಗೆಗಳನ್ನು ಅವನೂ ಅವನ ಶಿಷ್ಯರೂ ಗುರುತು ಹಾಕಿಕೊಂಡರು. ಮೊದಲನೆಯ ಆಶ್ಚರ್ಯವೆಂದರೆ, ನಗೆಯ ಹಿಂದಿನ ಮಾತುಗಳಲ್ಲಿ ಹಾಸ್ಯವೆನ್ನಬಹುದಾದುದು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚಿರಲಿಲ್ಲ. “ಸರಿ, ಬರುತ್ತೇನೆ” ಎಂಬಂಥ ಸಪ್ಪೆ ಮಾತಿಗೇ ಜನ ನಗುತ್ತಿದ್ದರು. ಜೊತೆಯಿದ್ದಾಗ ಮನುಷ್ಯನು ನಗುವುದು ಒಬ್ಬನೇ ಇದ್ದಾಗ ನಗುವುದಕ್ಕಿಂತ ಸುಮಾರು ಮೂವತ್ತು ಪಾಲು ಹೆಚ್ಚೆಂದೂ ಅವನು ಕಂಡುಕೊಂಡನು. ಆಕಾಶವಾಣಿಯ ಮುಂದೆ ಒಂಟಿಯಾಗಿ ಕುಳಿತು ಕೇಳುತ್ತಿರುವವರು ಈ ಭಾಷಣಕ್ಕೆ ಇನ್ನೂ ನಗದಿದ್ದರೆ ಅದಕ್ಕೆ ಇದೇ ಕಾರಣವೆಂದು ನಾವು ಸಮಾಧಾನ ಹೊಂದುತ್ತೇವೆ. ಎರಡನೆಯ ಆಶ್ಚರ್ಯ ನಮ್ಮ ವಿಷಯಕ್ಕೆ ಹತ್ತಿರವಾದದ್ದು. ಸಾಮಾನ್ಯವಾಗಿ ಕೇಳುವವರಿಗಿಂತ ಮಾತನಾಡುವವರೇ ಹೆಚ್ಚು ನಗುತ್ತಾರೆ. ಆದರೆ ಹೆಂಗಸು ಮಾತನಾಡಿ ಗಂಡಸು ಕೇಳುವಾಗ ಆಕೆಯ ನಗೆ ಅವನ ನಗೆಯ ಎರಡರಷ್ಟಕ್ಕಿಂತ ಹೆಚ್ಚು. ಗಂಡಸು ಮಾತನಾಡಿ ಹೆಂಗಸು ಕೇಳುವಾಗಲಾದರೋ, ಕೇಳುವವಳ ನಗೆಯೇ ಹೇಳುವವನ ನಗೆಗಿಂತ ತುಸು ಮುಂದೆ. ಹೇಗೆ ನೋಡಿದರೂ ನಗೆಯ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೆ ಬಿದ್ದಿದೆ. ಮನೆಯ ಇತರ ಕೆಲಸಗಳಂತೆ ಇದೂ ಲೆಕ್ಕಕ್ಕೆ ಬಂದಿಲ್ಲ.

ಆದುದರಿಂದ ನಗುವ ಶಕ್ತಿಯಲ್ಲಿ ಹೆಂಗಸರಿಗೆ ಕೊರತೆಯೆಂಬ ಮಾತು ನಿಲ್ಲುವುದಿಲ್ಲ. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಹತ್ತು ಗಂಡಸರಿಗೂ ಹತ್ತು ಹೆಂಗಸರಿಗೂ ವ್ಯಂಗ್ಯಚಿತ್ರಗಳನ್ನು ತೋರಿಸಿ, ಆ ಹೊತ್ತಿನಲ್ಲಿ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೆಂದು ಪರೀಕ್ಷಿಸಿದರು. ಬಹುಮಟ್ಟಿಗೆ ಇಬ್ಬರಲ್ಲಿಯೂ ಒಂದೇ ಭಾಗಗಳು ಚುರುಕಾದುವು. ಹೆಂಗಸರಲ್ಲಿ ಮಾತಿನ ಅರ್ಥವನ್ನು ವಿವೇಚಿಸುವ ಭಾಗವೂ ಸಂತೋಷವನ್ನು ಸೂಚಿಸುವ ಭಾಗವೂ ಇನ್ನಷ್ಟು ಚುರುಕಾಗಿದ್ದುವು. ಚಿತ್ರವು ನಗಿಸುವುದೆಂಬ ನಿರೀಕ್ಷೆಯೇ ಅವರಿಗೆ ಕಡಮೆಯಿದ್ದುದರಿಂದ, ನಗಿಸಿದಾಗ ದೊರೆತ ಸಂತೋಷ ಹೆಚ್ಚಾಯಿತೆಂದು ಪರೀಕ್ಷಕರು ಅರ್ಥ ಮಾಡಿದರು. ಇಪ್ಪತ್ತು ಜನರಿಂದ ಲೋಕವನ್ನೆಲ್ಲ ಅಳೆಯಲಾಗದು. ಆದರೂ ಪ್ರಜ್ಞೆಯೇ ಇಲ್ಲವೆಂಬ ವಾದಕ್ಕೆ ಇಲ್ಲಿ ಆಸರೆ ಸಿಗುವುದಿಲ್ಲ.

ಇನ್ನು ನಗಿಸುವ ಶಕ್ತಿ. ಇಲ್ಲಿ ಪ್ರಾಮಾಣಿಕವಾಗಿ ಒಂದು ಸಂಗತಿಯನ್ನು ಒಪ್ಪಬೇಕು. ಚಿತ್ರವೊಂದನ್ನು ಕೊಟ್ಟು ಅದರ ಕೆಳಗೆ ತಮಾಷೆಯ ಒಂದು ಸಾಲು ಬರೆಯಿರೆಂದು ಹೇಳಿ, ಬರೆದವರ ಹೆಸರು ಮರೆಸಿ, ಬೇರೆಯವರಿಂದ ಅಂಕ ಹಾಕಿಸುವುದು ಒಂದು ರೂಢಿಯ ಪರೀಕ್ಷೆ. ಇಂಥ 28 ಅಧ್ಯಯನಗಳನ್ನು, ಐದು ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶಗಳೊಡನೆ, ಒಟ್ಟುಗೂಡಿಸಿದ ಒಂದು ಲೆಕ್ಕ 2020ರಲ್ಲಿ ಪ್ರಕಟವಾಯಿತು. ಹೆಂಗಸರ ಸರಾಸರಿಯನ್ನು ದಾಟಿದ ಗಂಡಸರು ಅದರಲ್ಲಿ ನೂರಕ್ಕೆ 63. ಭೇದವೇ ಇಲ್ಲದಿದ್ದರೆ ಈ ಸಂಖ್ಯೆ 50 ಆಗಬೇಕಾಗಿತ್ತು. ಎಂದರೆ ಭೇದವುಂಟು, ಆದರೆ ಅದು ಸಣ್ಣದು. ನೂರು ಗಂಡಸರಲ್ಲಿ 37 ಮಂದಿ ಸಾಧಾರಣ ಹೆಂಗಸಿನಷ್ಟೂ ನಗಿಸಲಾರರೆಂಬುದು ಅದೇ ಲೆಕ್ಕದ ಇನ್ನೊಂದು ಮುಖ. ತಮಗೆ ಹಾಸ್ಯಪ್ರಜ್ಞೆ ಹುಟ್ಟಿನಿಂದಲೇ ಬಂದಿದೆಯೆಂದು ನಂಬಿರುವ ಯಾವ ಗಂಡಸೂ ತಾನು ಈ 37ರಲ್ಲಿ ಒಬ್ಬನೆಂದು ಎಣಿಸಿರುವುದಿಲ್ಲ.

ಆ ಸಣ್ಣ ಭೇದಕ್ಕೆ ಕಾರಣವೇನು? ಪ್ರಕೃತಿಯೆಂದು ಕೆಲವರು, ಅಭ್ಯಾಸವೆಂದು ಕೆಲವರು. ಹೆಣ್ಣು ನಗಿಸುವವನನ್ನು ಮೆಚ್ಚುತ್ತಾಳೆ, ಗಂಡು ತನ್ನ ಮಾತಿಗೆ ನಗುವವಳನ್ನು ಮೆಚ್ಚುತ್ತಾನೆ ಎಂಬುದು 2006ರಲ್ಲಿ ಕೆನಡಾದ ವಿದ್ವಾಂಸರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಂಡುಬಂದಿತು. ಹಿಚೆನ್ಸನ ವಾದಕ್ಕೆ ಇದು ಸ್ವಲ್ಪ ಬಲ ಕೊಡುತ್ತದೆಂಬುದು ನಿಜ. ಆದರೆ ಇದರ ಅರ್ಥವೇನು? ಹುಡುಗನು ಚಿಕ್ಕಂದಿನಿಂದ ನಗಿಸಲು ಪ್ರಯತ್ನಿಸಿ, ಹತ್ತು ಸಲ ಸೋತು, ಹನ್ನೊಂದನೆಯ ಸಲ ಗೆಲ್ಲುತ್ತಾನೆ. ಸೋತ ಹತ್ತು ಸಲವೂ ಅವನಿಗೆ ಶಿಕ್ಷೆಯಿಲ್ಲ. ಹುಡುಗಿಗೆ ಮೊದಲನೆಯ ಸಲವೇ ಬಾಯಿ ಮುಚ್ಚೆಂಬ ಆಜ್ಞೆ ಬರುತ್ತದೆ. ಯಾವ ವಿದ್ಯೆಯೂ ಸೋಲಲು ಅನುಮತಿಯಿಲ್ಲದೆ ಬೆಳೆಯುವುದಿಲ್ಲ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂದು ನಮ್ಮ ಗಾದೆಯೇ ಹೇಳುತ್ತದೆ. ಇಂಥ ಗಾದೆಯ ನೆರಳಿನಲ್ಲಿ ಬೆಳೆದವಳಿಂದ ಸಭೆಯನ್ನು ನಗಿಸುವ ಧೈರ್ಯವನ್ನು ನಿರೀಕ್ಷಿಸಿ, ಅದು ಕಾಣದಿದ್ದಾಗ ಪ್ರಕೃತಿಯನ್ನು ದೂರುವುದು ನ್ಯಾಯವಲ್ಲ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸ್ವಾರಸ್ಯವಾದದ್ದು. 2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ವಿಶ್ವವಿದ್ಯಾನಿಲಯದವರು ಹದಿನಾರು ಗಂಡಸರಿಂದಲೂ ಹದಿನಾರು ಹೆಂಗಸರಿಂದಲೂ ಇಪ್ಪತ್ತು ಚಿತ್ರಗಳಿಗೆ ಸಾಲುಗಳನ್ನು ಬರೆಯಿಸಿದರು. ಗಂಡಸರು ಗೆದ್ದರು, ಗೆದ್ದದ್ದು 5 ಅಂಕಗಳಲ್ಲಿ 0.11ರಷ್ಟು. ಅದರಲ್ಲಿಯೂ ಗಂಡಸರಿಗೆ ಹೆಚ್ಚು ಅಂಕ ಕೊಟ್ಟವರು ಮುಖ್ಯವಾಗಿ ಗಂಡಸರೇ. ಆಮೇಲೆ ಅವರು ಇನ್ನೊಂದು ಹಂತ ಮುಂದುವರಿದರು. ಸಾಲುಗಳನ್ನು ಬರೆದವರು ಹೆಣ್ಣೋ ಗಂಡೋ ಎಂದು ತಿಳಿಸಿ ಓದಿಸಿ, ಸ್ವಲ್ಪ ಹೊತ್ತಾದ ಮೇಲೆ ಯಾವುದು ಯಾರದೆಂದು ನೆನಪಿನಿಂದ ಹೇಳಿಸಿದರು. ಚೆನ್ನಾಗಿ ನಗಿಸಿದ ಸಾಲುಗಳು ನೆನಪಿನಲ್ಲಿ ಗಂಡಸರ ಲೆಕ್ಕಕ್ಕೆ ಜಾರಿದುವು. ಸಪ್ಪೆಯಾದುವು ಹೆಂಗಸರ ಲೆಕ್ಕಕ್ಕೆ ಬಂದುವು. ಹೀಗೆ ತಪ್ಪಿದವರಲ್ಲಿ ಹೆಂಗಸರೂ ಇದ್ದರು. ನೆನಪೆಂಬ ಶಾನುಭೋಗನು ಖಾತೆ ಬರೆಯುವಾಗ ಯಾರ ಪಕ್ಷ ವಹಿಸುತ್ತಾನೆಂಬುದು ಇದರಿಂದ ತಿಳಿಯಿತಲ್ಲವೆ?

ಈ ಪಕ್ಷಪಾತದ ಮತ್ತೊಂದು ಮುಖವನ್ನು ನೋಡಬೇಕಾದರೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ನೆಲವೆಂದು ಭ್ರಮಿಸಿ ನೀರಿಗೆ ಬಿದ್ದಾಗ ನಕ್ಕವರು ಯಾರು? ದ್ರೌಪದಿಯೆಂದು ನಮ್ಮಲ್ಲಿ ಬಹುಜನ ಥಟ್ಟನೆ ಹೇಳಿಯಾರು. ಆ ಒಂದು ನಗೆಯಿಂದಲೇ ಕುರುಕ್ಷೇತ್ರವಾಯಿತೆಂದೂ ಸೇರಿಸಿಯಾರು. ವ್ಯಾಸಭಾರತದ ಸಭಾಪರ್ವದಲ್ಲಿ ಈ ಪ್ರಸಂಗವನ್ನು ನೇರವಾಗಿ ವರ್ಣಿಸುವಲ್ಲಿ ನಗುವವರು ಸೇವಕರು. ಅವರ ಜೊತೆಗೆ ಭೀಮ, ಅರ್ಜುನ, ನಕುಲ ಸಹದೇವರು. ದ್ರೌಪದಿಯ ಹೆಸರು ಅಲ್ಲಿಲ್ಲ. ಆಕೆಯೂ ಸ್ತ್ರೀಯರೊಡನೆ ನಕ್ಕಳೆಂಬ ಮಾತು ಬರುವುದು, ಹಸ್ತಿನಾವತಿಗೆ ಹಿಂದಿರುಗಿದ ದುರ್ಯೋಧನನು ತಂದೆಯ ಮುಂದೆ ದೂರು ಹೇಳಿಕೊಳ್ಳುವಾಗ. ಅಲ್ಲಿಯೂ ನಕ್ಕವರಲ್ಲಿ ಆಕೆಯೊಬ್ಬಳೇ ಅಲ್ಲ. ಆದರೂ ಲೋಕದ ನೆನಪಿನಲ್ಲಿ ಗಂಡಸರ ನಗೆಯೆಲ್ಲ ಅಳಿಸಿಹೋಗಿ, ಆಕೆಯ ನಗೆಯೊಂದೇ ಉಳಿಯಿತು. ನಗಿಸಿದ ಕೀರ್ತಿ ಬಂದಾಗ ಅದು ಗಂಡಸಿನ ಖಾತೆಗೆ, ನಕ್ಕ ಅಪರಾಧ ಬಂದಾಗ ಅದು ಹೆಂಗಸಿನ ಖಾತೆಗೆ! ಹೆಣ್ಣುಮಕ್ಕಳು ಗಟ್ಟಿಯಾಗಿ ನಕ್ಕಾಗ ಹಿರಿಯರು ಈ ಕಥೆಯನ್ನು ಎಚ್ಚರಿಕೆಯಾಗಿ ಹೇಳುವುದುಂಟು. ಗಂಡುಮಕ್ಕಳಿಗೆ ಭೀಮನ ನಗೆಯನ್ನು ಎಚ್ಚರಿಕೆಯಾಗಿ ಹೇಳಿದವರನ್ನು ನಾವು ಕಂಡಿಲ್ಲ.

ಹೀಗೆ ನಾವು ಮೂರನೆಯ ಅಂಶಕ್ಕೆ, ಎಂದರೆ ನಗಿಸುವ ಅಧಿಕಾರಕ್ಕೆ, ಬಂದಿದ್ದೇವೆ. ರೋಸ್ ಕೋಸರ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಒಂದು ಮಾನಸಿಕ ಚಿಕಿತ್ಸಾಲಯದಲ್ಲಿ ವೈದ್ಯರ ಸಭೆಗಳನ್ನು ಹಲವು ವಾರ ಗಮನಿಸಿ, 1960ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದಳು. ಸಭೆಗಳಲ್ಲಿ ಕೇಳಿಬಂದ 103 ಚಾಟುವಾಕ್ಯಗಳಲ್ಲಿ 99 ಗಂಡಸರವು, ನಾಲ್ಕು ಮಾತ್ರ ಹೆಂಗಸರವು. ಅದೇ ಹೆಂಗಸರು ಸಭೆಯ ಹೊರಗೆ ಚೆನ್ನಾಗಿ ನಗಿಸಬಲ್ಲವರಾಗಿದ್ದರು. ಇನ್ನೂ ಒಂದು ವಿಶೇಷವೆಂದರೆ, ಗಂಡಸರೊಳಗೂ ಹಿರಿಯ ವೈದ್ಯರು ಕಿರಿಯರನ್ನು ಹಾಸ್ಯ ಮಾಡುತ್ತಿದ್ದರು; ಕಿರಿಯರು ರೋಗಿಗಳನ್ನೋ ತಮ್ಮನ್ನೋ ಹಾಸ್ಯ ಮಾಡಿಕೊಳ್ಳುತ್ತಿದ್ದರೇ ಹೊರತು, ಎದುರಿಗಿದ್ದ ಹಿರಿಯರ ತಂಟೆಗೆ ಹೋಗುತ್ತಿರಲಿಲ್ಲ. ಪರಿಹಾಸವು ನೀರಿನಂತೆ ಇಳಿಜಾರಿನಲ್ಲಿ ಹರಿಯಿತು. ಅಧ್ಯಾಪಕ ವೃತ್ತಿಯಲ್ಲಿರುವ ನಮಗೆ ಈ ತತ್ತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ. ತರಗತಿಯಲ್ಲಿ ನಾವು ಆಡಿದ ವಿನೋದಕ್ಕೆ ವಿದ್ಯಾರ್ಥಿಗಳು ತಪ್ಪದೆ ನಗುತ್ತಾರೆ; ಪರೀಕ್ಷೆ ಹತ್ತಿರವಾದಂತೆಲ್ಲ ನಮ್ಮ ಹಾಸ್ಯ ಇನ್ನೂ ಉತ್ತಮವಾಗುತ್ತದೆ.

ಹಾಗಾದರೆ ಹೆಂಗಸರ ಹಾಸ್ಯ ಎಲ್ಲಿ ಹೋಯಿತು? ಹೋಗಲಿಲ್ಲ, ಗಂಡಸರಿಗೆ ಕೇಳಿಸದ ಕಡೆ ಇತ್ತು. ನಮ್ಮ ಮದುವೆಯ ಮನೆಗಳಲ್ಲಿ ಹಾಡುವ ಬೀಗರ ಹಾಡುಗಳನ್ನು ನೆನೆಸಿಕೊಳ್ಳಿ. ಬೀಗಿತ್ತಿಯ ಬಿನ್ನಾಣ, ಬೀಗರ ಹೊಟ್ಟೆಬಾಕತನ, ವರನ ಮೋರೆ, ಇವುಗಳಲ್ಲಿ ಯಾವುದನ್ನೂ ಬಿಡದೆ, ಎದುರಿಗೇ ಕುಳಿತವರನ್ನು, ರಾಗವಾಗಿ, ನಗುನಗುತ್ತ ಜರೆಯುವ ಈ ಹಾಡುಗಳನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದವರು ಹೆಂಗಸರು. ಉರುಟಣೆಯ ಹೊತ್ತಿನ ವಿನೋದ, ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನಲ್ಲಿ ಸುತ್ತಿ ಹೇಳುವ ಜಾಣ್ಮೆ, ಒಗಟಿಗೆ ಒಗಟನ್ನೊಡ್ಡುವ ಚಾತುರ್ಯ, ಇವೆಲ್ಲವೂ ಬುದ್ಧಿಯ ವಿಲಾಸಗಳೇ. ಒಂದು ದಿನ ಮಾತ್ರ, ಒಂದು ಚಪ್ಪರದ ಕೆಳಗೆ ಮಾತ್ರ, ಹೆಣ್ಣು ಕೊಟ್ಟ ಕಡೆಯವರಿಗೆ ಗಂಡಿನ ಕಡೆಯವರನ್ನು ಬಾಯಿತುಂಬ ನಗುವ ಸ್ವಾತಂತ್ರ್ಯವಿತ್ತು. ಮರುದಿನ ಮಗಳು ಆ ಮನೆಗೆ ಸೊಸೆಯಾಗಿ ಹೋಗಬೇಕು. ನಗೆಯೊಳಗೆ ಎಷ್ಟು ಭಯವೂ ಎಷ್ಟು ಧೈರ್ಯವೂ ಬೆರೆತಿರಬಹುದೆಂದು ಇದರಿಂದ ಊಹಿಸಬಹುದು.

ಹಾಡಿನಲ್ಲಿದ್ದುದು ಬರಹಕ್ಕೆ ಇಳಿಯಲು ಕಾಲ ಬೇಕಾಯಿತು. ಡಾಕ್ಟರ್ ಎಂ. ಶಿವರಾಂ, ಎಂದರೆ ನಮ್ಮ ‘ರಾಶಿ’ಯವರು, 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ಹಾಸ್ಯಪತ್ರಿಕೆಗೆ ‘ಕೊರವಂಜಿ’ ಎಂದು ಹೆಸರು. ಮನೆಮನೆಗೆ ಬಂದು, ಕೈನೋಡಿ, ಎಲ್ಲರ ಗುಟ್ಟನ್ನೂ ಅಂಜದೆ ಆಡುವ ಹೆಂಗಸಿನ ಹೆಸರು ಹಾಸ್ಯಪತ್ರಿಕೆಗೆ ಹೊಂದಿತೆಂಬುದು ಅರ್ಥವತ್ತಾದ ಸಂಗತಿ. ಆ ಪತ್ರಿಕೆಯಲ್ಲಿ ಬರೆದು ಹೆಸರಾದವರು ಟಿ. ಸುನಂದಮ್ಮನವರು. 1917ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಅವರು ಕನ್ನಡ ಹಾಸ್ಯದಲ್ಲಿ ಮಹಿಳೆಯರಿಗೆ ದಾರಿ ಮಾಡಿಕೊಟ್ಟವರು. ಗಂಡಸರು ಅದುವರೆಗೆ ಹೆಂಡತಿಯನ್ನು ವಸ್ತುವನ್ನಾಗಿ ಮಾಡಿಕೊಂಡು ಬೇಕಾದಷ್ಟು ನಗಿಸಿದ್ದರು. ಗೃಹಿಣಿಯೇ ಕೂತು ಗೃಹಕೃತ್ಯವನ್ನೂ ಗೃಹಸ್ಥನನ್ನೂ ನೋಡಿದಾಗ ಅದೇ ಮನೆ ಬೇರೊಂದು ಕಿಟಕಿಯಿಂದ ಕಂಡಿತು. ನಗೆಗೆ ಹೊಸ ಸಾಮಗ್ರಿ ದೊರೆಯಿತು.

ಬೇರೆ ಕಿಟಕಿಯಿಂದ ನೋಡುವುದರ ಬೆಲೆಯೇನೆಂಬುದಕ್ಕೆ ಆಂಗ್ಲ ಸಾಹಿತ್ಯದಿಂದ ಒಂದು ನಿದರ್ಶನ. ಜೇನ್ ಆಸ್ಟೆನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿ ಹೊರಬಂದದ್ದು 1813ರಲ್ಲಿ. ಆಕೆ ಬದುಕಿರುವವರೆಗೂ ಆಕೆಯ ಪುಸ್ತಕಗಳ ಮೇಲೆ ಆಕೆಯ ಹೆಸರು ಅಚ್ಚಾಗಲಿಲ್ಲ. ಅದರಲ್ಲಿ ಕಾಲಿನ್ಸ್ ಎಂಬ ಪಾದ್ರಿ ಎಲಿಜಬೆತ್ತಳನ್ನು ವಿವಾಹಕ್ಕೆ ಕೇಳುವ ಸಂದರ್ಭ ಬರುತ್ತದೆ. ತಾನು ಏಕೆ ಮದುವೆಯಾಗಬೇಕೆಂಬುದಕ್ಕೆ ಅವನು ಕಾರಣಗಳನ್ನು ಒಂದು, ಎರಡು ಎಂದು ಪಟ್ಟಿಮಾಡುತ್ತಾನೆ. ತನ್ನ ಪೋಷಕಳಾದ ಶ್ರೀಮಂತ ಮಹಿಳೆಯ ಸಲಹೆಯೂ ಆ ಪಟ್ಟಿಯಲ್ಲಿ ಸೇರಿದೆ. ಕನ್ಯೆಯ ಇಷ್ಟ ಮಾತ್ರ ಸೇರಿಲ್ಲ. ಆಕೆ ಒಲ್ಲೆನೆಂದರೆ, ಕುಲೀನ ಕನ್ಯೆಯರು ಮೊದಲು ಒಲ್ಲೆನೆನ್ನುವುದು ಪದ್ಧತಿಯೆಂದು ಸಂತೋಷಪಡುತ್ತಾನೆ. ಮತ್ತೆ ಒಲ್ಲೆನೆಂದರೆ ಮತ್ತಷ್ಟು ಉತ್ತೇಜಿತನಾಗುತ್ತಾನೆ. ಬರ್ಗ್‌ಸನ್ ಹೇಳಿದ ಯಂತ್ರಮಾನವನು ಇವನೇ. ಬರ್ಗ್‌ಸನ್ ಹೇಳುವುದಕ್ಕೆ ಎಂಬತ್ತೇಳು ವರ್ಷ ಮೊದಲು ಆಸ್ಟೆನ್ ಅವನನ್ನು ಕಂಡುಹಿಡಿದಿದ್ದಳು. ಇಲ್ಲಿ ನಮ್ಮನ್ನು ನಗಿಸುವುದು, ಹೆಣ್ಣಿನ ‘ಇಲ್ಲ’ ಎಂಬ ಮಾತು ಗಂಡಿನ ಕಿವಿಯಲ್ಲಿ ‘ಹೌದು’ ಎಂದು ಕೇಳಿಸುವ ಚೋದ್ಯ. ಈ ಚೋದ್ಯವನ್ನು ದಿನವೂ ಅನುಭವಿಸಿದವರಿಗೆ ಅದು ಬೇಗ ಕಾಣುತ್ತದೆ. ಇದು ಬರಿಯ ವಿನೋದವಲ್ಲವೆಂಬುದನ್ನೂ ಗಮನಿಸಬೇಕು: ತಂದೆಯ ಆಸ್ತಿ ಹೆಣ್ಣುಮಕ್ಕಳಿಗೆ ಬಾರದೆ ಇದೇ ಕಾಲಿನ್ಸನಿಗೆ ಹೋಗತಕ್ಕದ್ದು. ಎಲಿಜಬೆತ್ ನಗುತ್ತಿರುವುದು ತನ್ನ ಕಾಲ ಕೆಳಗಿನ ನೆಲ ಕುಸಿಯುತ್ತಿರುವಾಗ.

ಕಾಂಗ್ರೀವನ ವಿಷಯವನ್ನು ಅರ್ಧದಲ್ಲಿ ಬಿಟ್ಟೆವು. ಹೆಂಗಸರಲ್ಲಿ ಹಾಸ್ಯಗುಣವನ್ನು ಕಾಣೆನೆಂದು ಪತ್ರ ಬರೆದ ಐದು ವರ್ಷಗಳಲ್ಲಿ, 1700ರಲ್ಲಿ, ಅವನ ‘ದಿ ವೇ ಆಫ್ ದಿ ವರ್ಲ್ಡ್’ ನಾಟಕ ರಂಗಕ್ಕೆ ಬಂತು. ಅದರ ನಾಯಿಕೆ ಮಿಲಮಂಟ್ ಆಂಗ್ಲ ರಂಗಭೂಮಿಯ ಅತ್ಯಂತ ಚತುರೆಯರಲ್ಲಿ ಒಬ್ಬಳು. ಮದುವೆಗೆ ಒಪ್ಪುವ ಮುನ್ನ ಆಕೆ ಪ್ರಿಯನ ಮುಂದೆ ತನ್ನ ಷರತ್ತುಗಳನ್ನಿಡುತ್ತಾಳೆ: ಮುದ್ದಿನ ಹೆಸರುಗಳಿಂದ ಕರೆಯಬಾರದು, ತನ್ನ ಕೋಣೆಗೆ ಬರುವಾಗ ಬಾಗಿಲು ತಟ್ಟಿ ಬರಬೇಕು, ಹೀಗೆ. ಅವನೂ ತನ್ನ ಷರತ್ತುಗಳನ್ನಿಡುತ್ತಾನೆ. ಸರಿಸಮಾನರಾದ ಇಬ್ಬರು ಮಾತಿನಲ್ಲಿ ಕತ್ತಿವರಸೆಯಾಡುವ ಆ ದೃಶ್ಯವೇ ನಾಟಕದ ತಿರುಳು. ವಿಮರ್ಶಕ ಕಾಂಗ್ರೀವನು ಕಾಣದೆ ಹೋದುದನ್ನು ಕವಿ ಕಾಂಗ್ರೀವನು ಕಂಡನು. ಗಂಡು ಹೆಣ್ಣಿನ ಮಾತಿಗೆ ಸಮವಾದ ಅವಕಾಶ ಕೊಟ್ಟಕೂಡಲೆ, ಇಲ್ಲವೆಂದಿದ್ದ ಗುಣ ಪ್ರತ್ಯಕ್ಷವಾಯಿತು.

ಇದರ ಮರ್ಮವನ್ನು ಚೆನ್ನಾಗಿ ಹಿಡಿದವನು ಜಾರ್ಜ್ ಮೆರೆಡಿತ್. ಪ್ರಹಸನವನ್ನೂ ಪ್ರಹಸನದ ಪ್ರಯೋಜನವನ್ನೂ ಕುರಿತು ಅವನು 1877ರಲ್ಲಿ ಲಂಡನ್ನಿನಲ್ಲಿ ಒಂದು ಉಪನ್ಯಾಸ ಮಾಡಿದನು. ಸ್ತ್ರೀಯರು ವಿದ್ಯೆಯಲ್ಲಿಯೂ ಸ್ವಾತಂತ್ರ್ಯದಲ್ಲಿಯೂ ಪುರುಷರಿಗೆ ಸಮಾನರಾಗುತ್ತ ಬಂದ ಕಡೆಯಲ್ಲಿ ಮಾತ್ರ ಉತ್ತಮವಾದ ಪ್ರಹಸನ ಬೆಳೆಯುತ್ತದೆಂಬುದು ಅವನ ವಾದದ ಸಾರ. ಅವರು ಮನೆಯೊಳಗೆ ಮುಚ್ಚಿಹೋದ ಕಡೆ ಹಾಸ್ಯ ಒರಟಾಗುತ್ತದೆ ಅಥವಾ ಇಲ್ಲವಾಗುತ್ತದೆ. ಅವನು ಇದನ್ನು ಸ್ತ್ರೀಯರ ಮೇಲಿನ ಕರುಣೆಯಿಂದ ಹೇಳಲಿಲ್ಲ. ಹಾಸ್ಯದ ಹಿತಕ್ಕಾಗಿ ಹೇಳಿದನು. ಗಂಡಸರು ಮಾತ್ರ ಸೇರಿದ ಕೂಟಗಳಲ್ಲಿ ಹೊತ್ತು ಹೋದಂತೆಲ್ಲ ವಿನೋದವು ಯಾವ ದಾರಿ ಹಿಡಿಯುತ್ತದೆಂಬುದನ್ನು ಬಲ್ಲವರು ಈ ಮಾತನ್ನು ಅಲ್ಲಗಳೆಯಲಾರರು. ಎದುರು ಮಾತನಾಡುವವರಿಲ್ಲದ ಕಡೆ ಬೈಗುಳವೂ ಚಾತುರ್ಯವೆಂದು ಚಲಾವಣೆಯಾಗುತ್ತದೆ.

ಒಟ್ಟಿನಲ್ಲಿ ನಾವು ಕಂಡುಕೊಂಡದ್ದಿಷ್ಟು. ನಗುವ ಶಕ್ತಿಯಲ್ಲಿ ಹೆಂಗಸರಿಗೆ ಕೊರತೆಯಿಲ್ಲ. ನಗಿಸುವ ಶಕ್ತಿಯಲ್ಲಿ ಪರೀಕ್ಷೆಗಳು ತೋರಿಸುವ ಅಂತರ ಅಲ್ಪ; ಅದರ ಕಾರಣ ಇನ್ನೂ ವಾದಗ್ರಸ್ತ. ಹಿರಿದಾದ ಅಂತರವಿರುವುದು ಅಧಿಕಾರದಲ್ಲಿ, ಎಂದರೆ ಯಾರು ಯಾರ ಮುಂದೆ ಯಾರನ್ನು ಕುರಿತು ನಗಬಹುದೆಂಬ ಕಟ್ಟಳೆಯಲ್ಲಿ. ಈ ಕಟ್ಟಳೆ ಪ್ರಕೃತಿ ಮಾಡಿದ್ದಲ್ಲ, ನಾವು ಮಾಡಿದ್ದು. ಇಂದು ನಗರಗಳ ವೇದಿಕೆಗಳಲ್ಲಿ ಹೆಂಗಸರು ಒಬ್ಬೊಬ್ಬರೇ ನಿಂತು ನೂರಾರು ಜನರನ್ನು ನಗಿಸುತ್ತಿದ್ದಾರೆ. ಕಟ್ಟಳೆ ಅಲ್ಲಿ ಸಡಿಲವಾಗಿದೆ. ಮನೆಯ ಊಟದ ಪಂಕ್ತಿಯಲ್ಲಿ ಎಷ್ಟು ಸಡಿಲವಾಗಿದೆಯೆಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಗಳಲ್ಲಿ ನೋಡಿಕೊಳ್ಳಬೇಕು.

ಇದರಿಂದ ಆಗುವ ನಷ್ಟ ಹೆಂಗಸರಿಗೆ ಮಾತ್ರ ಸೇರಿದ್ದಲ್ಲ. ನಗೆಗೀಡಾದವನಿಗೆ ತನ್ನ ದೋಷ ತಿಳಿಯುವುದು ನಗುವವರಿದ್ದಾಗ. ದಿನವೂ ನಮ್ಮನ್ನು ಹತ್ತಿರದಿಂದ ನೋಡುವವರಿಗೆ ನಗುವ ಅನುಮತಿಯಿಲ್ಲವಾದರೆ, ನಮ್ಮಲ್ಲಿರುವ ಕಾಲಿನ್ಸ್ ಸಾಯುವವರೆಗೂ ತಾನು ಗಂಭೀರನೆಂದೇ ತಿಳಿದಿರುತ್ತಾನೆ. ಮಗಳೋ, ಸೊಸೆಯೋ, ಶಿಷ್ಯೆಯೋ ಒಂದು ಚುರುಕಾದ ಮಾತನಾಡಿದಾಗ ಅದು ಸರಿಯಾದ ಜಾಗಕ್ಕೆ ತಾಗಿದ್ದರೆ, ಆಡಿದವಳ ನಡತೆಯನ್ನು ವಿಮರ್ಶಿಸುವ ಮೊದಲು ನಕ್ಕುಬಿಡುವುದು ಒಳ್ಳೆಯದು. ಆಮೇಲೆ ಆ ಮಾತು ಯಾರದೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.